ಮಾಸ್ತರ ಸೋಲೊಪ್ಪಿದ ದಿನ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಮೊಮ್ಮಗ ಬಂದಿದ್ದ. ಜೊತೆಗೆ ಅವನ ಕಾಲೇಜಿನ ಗೆಳೆಯನೂ ಇದ್ದ. ಸಂಜೆ ಇಬ್ಬರನ್ನೂ ನಮ್ಮ ಇಟಗಿಯ ಮಹಾದೇವ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಕಂಬಗಳ ಕೆತ್ತನೆ ನೋಡಲಿ ಎಂದರೆ, ಹುಡುಗರು ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ಜಗಳಕ್ಕೆ ಬಿದ್ದರು.

'ಬ್ಲೂ ಲೈನ್ಸ್' ಮೇಲು ಅಂತ ಒಬ್ಬ, 'ಮೆಜನೈನ್' ಮೇಲು ಅಂತ ಇನ್ನೊಬ್ಬ.

"ಏನಪಾ ಅವು, ಪೆನ್ನಿನ ಕಂಪನಿಯೇನು?" ಎಂದೆ.

ಮೊಮ್ಮಗ ನಕ್ಕ. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ 'ಮ್ಯಾಸಿವ್ ಅಟ್ಯಾಕ್' ಎಂಬ ತಂಡದ ಹಾಡಿನ ಆಲ್ಬಮ್ಮುಗಳಂತೆ. ಒಂದು 1991ರದು, ಇನ್ನೊಂದು 1998ರದು. ಆ ಬಗೆಯ ಸಂಗೀತಕ್ಕೆ ಟ್ರಿಪ್ ಹಾಪ್ ಅನ್ನುತ್ತಾರಂತೆ. ತಾಳ ನಿಧಾನ, ಕೆಳಗಿನ ದನಿ ಭಾರ, ನಡುವೆ ಹಳೆಯ ರೆಕಾರ್ಡುಗಳ ತುಣುಕುಗಳನ್ನು ಸೇರಿಸಿ ಹೆಣೆದಿರುತ್ತಾರೆ. ನನ್ನ ಕಿವಿಗೂ ಇಯರ್‌ಫೋನ್ ಸಿಕ್ಕಿಸಿದ. ರಾತ್ರಿ ಬನ್ನಿಕೊಪ್ಪದ ಕಡೆ ಗೂಡ್ಸ್ ಗಾಡಿ ಹೋದ ಹಾಗೆ ಕೇಳಿಸಿತು. ಕೆಟ್ಟದ್ದೇನೂ ಅನ್ನಿಸಲಿಲ್ಲ.

ಯಾವುದು ಮೇಲು ಎಂಬ ಜಗಳ ನಮ್ಮೂರಿಗೆ ಹೊಸದಲ್ಲ. ನಾವು ಕೂತಿದ್ದ ಆ ಗುಡಿಯನ್ನು 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿನ ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಹೊಗಳಿದೆ. ಲಕ್ಕುಂಡಿಯ ನಮ್ಮ ಬೀಗರು ಅದನ್ನು ಇವತ್ತಿಗೂ ಒಪ್ಪುವುದಿಲ್ಲ!

ಆದರೆ ನನ್ನ ಸ್ವಂತದ ಜಗಳವೊಂದಿದೆ. ಅದನ್ನೇ ಹುಡುಗರಿಗೆ ಹೇಳಿದೆ.

ನಾನೂ ನಮ್ಮೂರಿನ ಮಾಸ್ತರನೂ ಗದಗಿನಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದವರು. ಇಬ್ಬರಿಗೂ ರಾಜನ್-ನಾಗೇಂದ್ರ ಎಂದರೆ ಪ್ರಾಣ. ಮೈಸೂರಿನ ಆ ಅಣ್ಣ-ತಮ್ಮ 1953ರಲ್ಲಿ 'ಸೌಭಾಗ್ಯಲಕ್ಷ್ಮಿ' ಚಿತ್ರದಿಂದ ಶುರುಮಾಡಿ ಎಷ್ಟೊಂದು ಚಿತ್ರಗಳಿಗೆ ರಾಗ ಹಾಕಿದರು! 'ನ್ಯಾಯವೇ ದೇವರು', 'ಗಂಧದ ಗುಡಿ', 'ಪರಸಂಗದ ಗೆಂಡೆತಿಮ್ಮ' — ಇವೆಲ್ಲ ಅವರವೇ. ಅಷ್ಟರಲ್ಲಿ ಅತಿ ಮೇಲು ಯಾವುದು? ಮಾಸ್ತರ 1974ರ 'ಎರಡು ಕನಸು' ಅನ್ನುತ್ತಿದ್ದ. ನಾನು 1976ರ 'ಬಯಲು ದಾರಿ' ಅನ್ನುತ್ತಿದ್ದೆ. ಚಹಾದಂಗಡಿಯವನು ನಡುವೆ ಬಾಯಿ ಹಾಕಿ 'ಹೊಂಬಿಸಿಲು' ಅನ್ನುತ್ತಿದ್ದ. ಅವನನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ.

ಎರಡೂ ದೊರೆ-ಭಗವಾನ್ ಅವರ ಚಿತ್ರಗಳು. ಎರಡೂ ಕಾದಂಬರಿಯಿಂದ ಬಂದವು, ಎರಡರಲ್ಲೂ ಕಲ್ಪನಾ ನಾಯಕಿ. ಬೇರೆಯಾದದ್ದು ಗಂಡುದನಿ. ಅದರಲ್ಲಿ ಪಿ.ಬಿ. ಶ್ರೀನಿವಾಸ್, ಇದರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ.

"ಶ್ರೀನಿವಾಸರ ದನಿಯೊಳಗ ದುಃಖ ಐತಿ, ಆದರ ಅಳೂದಿಲ್ಲ ನೋಡು" ಅನ್ನುತ್ತಿದ್ದ ಮಾಸ್ತರ.

"ಎಸ್‌ಪಿಬಿ ಹಾಡೂವಾಗ ನಗ್ತಾರು, ಅದು ಕಿವಿಗೆ ಕಾಣಸ್ತೈತಿ" ಅನ್ನುತ್ತಿದ್ದೆ ನಾನು.

ನಾನು ಬ್ಯಾಂಕಿಗೆ ಸೇರಿದ ಮೇಲೆ ಮೊದಲು ಕೊಂಡದ್ದು ಟೇಪ್ ರೆಕಾರ್ಡರ್. ಹಾಡಿಗೊಂದರಂತೆ ಅಂಕ ಹಾಕಿ, ಲೆಡ್ಜರಿನ ಹಾಗೆ ಎರಡು ಕಡೆ ಬರೆದು ಕೂಡಿಸುತ್ತಿದ್ದೆ. ಪ್ರತಿಸಲ 'ಬಯಲು ದಾರಿ'ಯೇ ಗೆಲ್ಲುತ್ತಿತ್ತು. "ಬರಿಯವ ನೀನ, ಕೂಡಸವ ನೀನ" ಎಂದು ಮಾಸ್ತರ ಹಾಳೆ ಹರಿದು ಎಸೆಯುತ್ತಿದ್ದ. ನಾಗೇಂದ್ರ 2000ದಲ್ಲಿ ಹೋದರು, ರಾಜನ್ 2020ರಲ್ಲಿ. ನಮ್ಮ ಜಗಳ ನಿಲ್ಲಲಿಲ್ಲ.

ಮೂರು ವರ್ಷದ ಹಿಂದೆ ಒಂದು ಸಂಜೆ, ಅವನ ಮನೆಯ ಕಟ್ಟೆಯ ಮೇಲೆ ಮೊಬೈಲಿನಲ್ಲಿ ಹಾಡು ಹಚ್ಚಿ, ಎಂದಿನಂತೆ ಕೆಣಕಿದೆ. ಅವನು ಸುಮ್ಮನೆ ನನ್ನ ಮುಖ ನೋಡಿ, "ನೀ ಹೇಳಿದ್ದ ಖರೆ ಬಿಡಪಾ. 'ಬಯಲು ದಾರಿ'ನ ಮೇಲು" ಎಂದ.

ಹಿಗ್ಗಿನಿಂದ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅವರಿಗೆ ಕಿವಿ ಪೂರಾ ಮಂದ ಆಗ್ಯಾವಂತ. ಅವರ ಸೊಸಿ ಹೇಳಿದ್ಲು. ದಿನಾ ಹೋಗ್ತೀರಿ, ನಿಮಗ ಗೊತ್ತಾಗಲಿಲ್ಲೇನು?"

ಗೊತ್ತಾಗಿರಲಿಲ್ಲ. ಕೆಲವು ತಿಂಗಳಿಂದ ಅವನು ನನ್ನ ಮಾತಿಗೆ ಬರೀ ತಲೆಯಾಡಿಸುತ್ತಿದ್ದ. ನಾನು ಗೆಲ್ಲುತ್ತಿದ್ದೇನೆ ಎಂದುಕೊಂಡಿದ್ದೆ. ಬ್ಯಾಂಕಿನಲ್ಲಿ ನಾವು ಹೇಳುತ್ತಿದ್ದೆವು: ಟ್ಯಾಲಿ ಆಗದ ಲೆಕ್ಕದ ತಪ್ಪು ಸಿಗುತ್ತದೆ, ಟ್ಯಾಲಿ ಆದ ಲೆಕ್ಕದೊಳಗಿನ ತಪ್ಪು ಸಿಗುವುದು ಕಷ್ಟ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಡು ಕೇಳಿಸದವನ ಎದುರು ಹಾಡು ಹಚ್ಚಿ ಕೂತಿದ್ದೆನಲ್ಲ!

ಬೆಳಿಗ್ಗೆ ಒಂದು ಹಳೆಯ ಚಲನ್ನಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋದೆ: "ನಿನ್ನೆ ಒಪ್ಪಿದ್ದು ನಡೆಯುವುದಿಲ್ಲ. 'ಎರಡು ಕನಸು' ಯಾಕೆ ಮೇಲು? ಕಾರಣ ಬರಿ."

ಮಾಸ್ತರ ಓದಿದ. ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಮೊದಲು ನನ್ನ ಒಂದು ಒತ್ತಕ್ಷರ ತಿದ್ದಿದ! ನಂತರ ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಗುನುಗತೊಡಗಿದ. ಹಾಡು ಅಷ್ಟೇ ಅಲ್ಲ, ನಡುವೆ ಬರುವ ವಾದ್ಯಗಳ ತುಣುಕನ್ನೂ ಬಿಡಲಿಲ್ಲ. ಐವತ್ತು ವರ್ಷ ಕೇಳಿದ್ದೆಲ್ಲ ಒಳಗೆ ಹಾಗೇ ಇತ್ತು. ನಾನು ಮುಖ ಆಚೆ ತಿರುಗಿಸಿ ಕೂತೆ.

ಈಗ ಅವನು ಕಿವಿಗೆ ಮಷಿನ್ ಹಾಕಿಕೊಂಡಿದ್ದಾನೆ. ಮಾತು ಒಂದಿಷ್ಟು ತಿಳಿಯುತ್ತದೆ, ಹಾಡು ಮಾತ್ರ ತಗಡು ಬಡಿದಂತೆ ಕೇಳುತ್ತದಂತೆ. ಹೀಗಾಗಿ ನಮ್ಮ ಜಗಳ ನೋಟ್‌ಬುಕ್ಕಿನಲ್ಲಿ ನಡೆಯುತ್ತದೆ. 200 ಪುಟದ್ದೊಂದು ತುಂಬಿ ಎರಡನೆಯದು ನಡೆದಿದೆ.

ಹುಡುಗರು ಸುಮ್ಮನೆ ಕೇಳಿದರು. ಗುಡಿಯಿಂದ ಮನೆಗೆ ಬರುವಾಗ ಮೊಮ್ಮಗ ಮೆಲ್ಲಗೆ, "ಅಜ್ಜಾ, ಖರೇನ ಯಾವುದು ಮೇಲು?" ಎಂದು ಕೇಳಿದ.

ನಾನು ಉತ್ತರ ಕೊಡಲಿಲ್ಲ. ಮಕ್ಕಳೇ, ನಿಮಗೆ ಮಾತ್ರ ಹೇಳುತ್ತೇನೆ. ಈಚೆಗೆ ಒಬ್ಬನೇ ಇದ್ದಾಗ ನಾನು ಹೆಚ್ಚು ಕೇಳುವುದು 'ಎರಡು ಕನಸು'. ಆದರೆ ಅದನ್ನು ಆ ನೋಟ್‌ಬುಕ್ಕಿನಲ್ಲಿ ಬರೆಯುವುದಿಲ್ಲ. ಬರೆದರೆ ಮಾಸ್ತರ ಪೆನ್ನಿನ ಮುಚ್ಚಳ ಹಾಕಿಬಿಡುತ್ತಾನೆ.