ಮಂಡಿನೋವಿನ ಚಿಕಿತ್ಸೆಯಲ್ಲಿ ಅಹಿಂಸೆ ಮತ್ತು ಸತ್ಯ

ತುಂಗಭದ್ರೆಯ ನೀರುಂಡ ಸಿರುಗುಪ್ಪ ಭತ್ತದ ಸೀಮೆ. ಕೆಸರುಗದ್ದೆಯಲ್ಲಿ ಬಾಗಿ ನಾಟಿ ಮಾಡಿದವರು, ಅಕ್ಕಿ ಗಿರಣಿಗಳಲ್ಲಿ ಮೂಟೆ ಹೊತ್ತ ಹಮಾಲರು, ಅಂಗಡಿಯ ಗಾದಿಯ ಮೇಲೆ ದಿನವಿಡೀ ಕಾಲು ಮಡಿಸಿ ಕುಳಿತವರು ಇವರೆಲ್ಲರನ್ನೂ ಮುಪ್ಪಿನಲ್ಲಿ ಮೊಣಕಾಲಿನ ಸವೆತ ಕಾಡುತ್ತದೆ. ಸಾಮಾಯಿಕಕ್ಕೆ ಪದ್ಮಾಸನ ಹಾಕಲಾಗದ, ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಡೋಲಿಯಲ್ಲಿ ಏರಬೇಕಾದ ಹಿರಿಯರಿಗೆ ಇದು ದೇಹದ ನೋವಷ್ಟೇ ಅಲ್ಲ, ಮನಸ್ಸಿನ ಕೊರಗೂ ಹೌದು.

ಇಂಥವರಿಗೆ ಈಗ ಪಿ.ಆರ್.ಪಿ. ಎಂಬ ಚುಚ್ಚುಮದ್ದನ್ನು ಸೂಚಿಸುವುದುಂಟು. ರೋಗಿಯ ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಪ್ಲೇಟ್‌ಲೆಟ್ ಎಂಬ ಕಿರುಕಣಗಳು ಅಧಿಕವಾಗಿರುವ ದ್ರವವನ್ನು ಬೇರ್ಪಡಿಸಿ ಮಂಡಿಯೊಳಗೆ ಸೇರಿಸುತ್ತಾರೆ. ಗಾಯ ಮಾಯಲು ನೆರವಾಗುವ ಈ ಕಣಗಳು ಕೀಲಿನ ಉರಿಯೂತವನ್ನೂ ತಗ್ಗಿಸಬಹುದೆಂಬುದು ಆಶಯ. ಮಂಡಿಗೆ ಕೊಡುವ ಹೈಲುರಾನಿಕ್ ಆಮ್ಲದ ಕೆಲವು ಔಷಧಗಳು ಹುಂಜದ ಜುಟ್ಟಿನಿಂದ ತಯಾರಾಗುತ್ತವೆ. ಪಿ.ಆರ್.ಪಿ.ಗೆ ಮೂಲ ರೋಗಿಯ ಸ್ವಂತ ರಕ್ತವೆಂಬುದು ಶ್ರಾವಕರಿಗೆ ಸಮಾಧಾನ ತರುವ ಸಂಗತಿ.

ಆದರೆ ಹಿಂಸಾರಹಿತವಾದ ಔಷಧವೆಲ್ಲ ಫಲಕಾರಿಯಾಗಲೇಬೇಕೆಂದಿಲ್ಲ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯು 78 ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಪ್ಪುನೀರಿನ ಚುಚ್ಚುಮದ್ದು ಪಡೆದವರಿಗಿಂತ ಪಿ.ಆರ್.ಪಿ. ಪಡೆದವರಿಗೆ ಹೆಚ್ಚು ಉಪಶಮನ ದೊರೆಯಿತು. ಆರು ತಿಂಗಳ ಹೊತ್ತಿಗೆ ಅದು ಇಳಿಮುಖವಾಗಿತ್ತು. ಆಸ್ಟ್ರೇಲಿಯಾದಲ್ಲಿ 288 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯಾದರೋ, ವರ್ಷದ ಬಳಿಕ ನೋವಿನಲ್ಲಾಗಲಿ ಮೃದ್ವಸ್ಥಿಯ ಪ್ರಮಾಣದಲ್ಲಾಗಲಿ ಉಪ್ಪುನೀರಿಗೂ ಇದಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹೀಗಿರುವಾಗ, ಸವೆದ ಕೀಲು ಮತ್ತೆ ಬೆಳೆಯುವುದೆಂದು ನಂಬಿಸಿ ಸಾವಿರಾರು ರೂಪಾಯಿ ಪಡೆಯುವುದು ಧರ್ಮವೇ? ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವ ಹೀನಾಧಿಕ ಮಾನೋನ್ಮಾನವನ್ನು ಆಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಅಕ್ಕಿಯ ತೂಕಕ್ಕೆ ಸಲ್ಲುವ ಈ ನಿಯಮ ಭರವಸೆಯ ತೂಕಕ್ಕೂ ಸಲ್ಲಬೇಕು. ಸ್ವಲ್ಪ ಉಪಶಮನ ದೊರೆಯಬಹುದು, ದೊರೆಯದೆಯೂ ಇರಬಹುದು ಎಂಬುದನ್ನು ತಿಳಿದು ಒಬ್ಬರು ಒಪ್ಪಿದರೆ ಅದರಲ್ಲಿ ದೋಷವಿಲ್ಲ. ಹಾಗೆ ತಿಳಿಸದೆ ತಾಯಿಯ ನಡಿಗೆಗಾಗಿ ಮಗ ಸಾಲ ಮಾಡುವಂತೆ ಮಾಡುವುದು ಹಿಂಸೆಯೇ ಸರಿ.

ಆರೋಗ್ಯ ಶಿಬಿರಗಳನ್ನು ನಡೆಸುವ ಬಸದಿಗಳ ವಿಶ್ವಸ್ತ ಮಂಡಳಿಗಳು ದಾನದ ಹಣವನ್ನು ಮೊದಲು ಪರೀಕ್ಷಿತ ಮಾರ್ಗಗಳಿಗೆ ವಿನಿಯೋಗಿಸುವುದು ಯುಕ್ತ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ತಜ್ಞರಿಂದ ಕಲಿಸಬಹುದು. ಸ್ಥೂಲಕಾಯರು ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಊನೋದರ ತಪಸ್ಸನ್ನು ಬಲ್ಲ ಸಮಾಜಕ್ಕೆ ಮಿತಾಹಾರವನ್ನು ಹೊಸದಾಗಿ ಬೋಧಿಸಬೇಕಿಲ್ಲ. ನೆಲದ ಮೇಲೆ ಕೂರಲಾಗದ ಹಿರಿಯರಿಗಾಗಿ ಸ್ವಾಧ್ಯಾಯ ಮಂದಿರದಲ್ಲಿ ನಾಲ್ಕು ಕುರ್ಚಿಗಳನ್ನಿಡುವುದೂ ವೈಯಾವೃತ್ಯವೇ ಆಗಿದೆ.