ಟಿಬಿ ಡ್ಯಾಂ ಹಿನ್ನೀರಿನಲ್ಲಿ ಒಂದು ರಾತ್ರಿ

ಮೆಕ್ಕೆಜೋಳ ಮಾರಿ, ಸೊಸೈಟಿ ಸಾಲ ಕಟ್ಟಿ, ಕೈಯಲ್ಲಿ ನಾಲ್ಕು ಕಾಸು ಉಳಿದರೆ ನಮ್ಮ ಕಡೆ ಜನ ಸಂಕ್ರಾಂತಿ ಹೊತ್ತಿಗೆ ಎಲ್ಲಿಗಾದರೂ ಹೋಗ್ತಾರೆ. ಹೆಚ್ಚಿನವರು ಕೊಟ್ಟೂರು, ಮೈಲಾರ, ಇಲ್ಲಾಂದ್ರೆ ಹುಲಿಗೆಮ್ಮ. ಈ ಸಲ ನಾವು ಟಿಬಿ ಡ್ಯಾಂ ಹಿನ್ನೀರಿಗೆ ಹೋಗಿ ಒಂದು ರಾತ್ರಿ ಉಳಿದು ಬಂದ್ವಿ. ಡ್ಯಾಂ ನೋಡದವರು ಯಾರಿದ್ದಾರೆ ಅಂತ ಕೇಳಬೇಡಿ. ಶಾಲೆ ಟ್ರಿಪ್ಪಿನಲ್ಲಿ ನಾವೆಲ್ಲ ನೋಡಿದ್ದು ಕೆಳಗಿನ ಗಾರ್ಡನ್ನು, ಕಾರಂಜಿ, ಬೋಟು, ಸಂಜೆ ಲೈಟು. ಕಟ್ಟೆಯ ಹಿಂದೆ ನೀರು ನಿಂತಿರೋ ಕಡೆ, ನೀರಿನ ಅಂಚಿನಲ್ಲಿ ನಿಂತು ನೋಡಿದವರು ನಮ್ಮೂರಲ್ಲಿ ಬಹಳ ಜನ ಇಲ್ಲ.

ಹೊರಡಿಸಿದ್ದು ಬೆಂಗಳೂರಿನಲ್ಲಿರೋ ಅಕ್ಕನ ಮಗ. ಆನ್‌ಲೈನಿನಲ್ಲಿ ಟೆಂಟು ತರಿಸಿದ್ದ. "ಮಾಮ, ನೀರಿನ ಪಕ್ಕ ಕ್ಯಾಂಪಿಂಗ್ ಮಾಡೋಣ" ಅಂದ. ಹಂದಿ ಕಾಯೋಕೆ ಅಂತ ನಾವು ತೆನೆ ಕಟ್ಟಿದಾಗಿಂದ ಕಟಾವಿನ ತನಕ ಹೊಲದಾಗೇ ಮಲಗ್ತೀವಿ, ಅದಕ್ಕೆ ಇಂಥದೊಂದು ಹೆಸರೈತಿ ಅಂತ ನಮಗೇನು ಗೊತ್ತು. ಡ್ಯಾಂ ಸುತ್ತ ಕಾವಲಿರ್ತದೆ, ಎಲ್ಲಿ ಬೇಕಾದ್ರೂ ಟೆಂಟು ಹೊಡೆಯಕ್ಕಾಗಲ್ಲ. ಮರಿಯಮ್ಮನಹಳ್ಳಿ ಕಡೆ ನಮ್ಮ ಬೀಗರ ಪಟ್ಟಾ ಹೊಲ ನೀರಿನ ಹತ್ತಿರಕ್ಕೇ ಇರೋದ್ರಿಂದ ಅವರನ್ನ ಕೇಳಿ ಅಲ್ಲಿಗೇ ಹೋದ್ವಿ. ರೊಟ್ಟಿ, ಶೇಂಗಾ ಚಟ್ನಿ, ಒಂದು ಚೀಲ ಮಂಡಕ್ಕಿ, ಕುಡಿಯೋಕೆ ಎರಡು ಕ್ಯಾನ್ ನೀರು. ಹಿನ್ನೀರಿಗೆ ಹೋಗೋರು ಕುಡಿಯೋ ನೀರು ಮನೆಯಿಂದಲೇ ಒಯ್ಯಿರಿ. ಕಾರಣ ಮುಂದೆ ಹೇಳ್ತೀನಿ.

ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ದಾಟಿ ಹೋಗೋ ದಾರಿಯಲ್ಲೇ ಅಂಕಸಮುದ್ರಕ್ಕೆ ಹೋಗಿ ಬಂದ್ವಿ. ಅದು ಹಳೇ ಕಾಲದ ಊರ ಕೆರೆ. ಒಳಗೆಲ್ಲ ಕರಿಜಾಲಿ ಗಿಡ, ಹಿನ್ನೀರಿನಿಂದ ಪಂಪು ಮಾಡಿ ನೀರು ತುಂಬಿಸ್ತಾರೆ. 2017ರಲ್ಲಿ ಅದನ್ನ ಪಕ್ಷಿ ಸಂರಕ್ಷಿತ ಪ್ರದೇಶ ಅಂತ ಮಾಡಿದ್ರು. 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರ್ತು, ಅಂದ್ರೆ ಪ್ರಪಂಚದ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ. ಗಿಡದ ತುಂಬ ಕೊಕ್ಕರೆ ಗೂಡು, ಕಿವಿ ಕೆಪ್ಪಾಗೋವಷ್ಟು ಗದ್ದಲ. ನಮ್ಮ ಹುಡುಗರು ಮೊಬೈಲು ಜೇಬಿಗಿಟ್ಟು ಅರ್ಧ ಗಂಟೆ ನಿಂತರು, ಅದೇ ಒಂದು ಸರ್ಟಿಫಿಕೇಟು.

ಮಧ್ಯಾಹ್ನ ಮೂರಕ್ಕೆ ಬೀಗರ ಹೊಲ ಸೇರಿದ್ವಿ. ತುಂಬಿದಾಗ 378 ಚದರ ಕಿಲೋಮೀಟರ್ ಹರಡೋ ನೀರು ಅದು. ನಮ್ಮ ಬಯಲುಸೀಮೆಯಲ್ಲಿ ಅಷ್ಟು ನೀರು ಕಣ್ಣಿಗೆ ಬಿದ್ದರೆ ಮೊದಲು ನಂಬಿಕೆ ಬರಲ್ಲ. ಈಚೆ ಕಡೆ ಒಣ ಗುಡ್ಡ, ಕುರುಚಲು, ಆಚೆ ಕಡೆ ದಡವೇ ಕಾಣ್ಸಲ್ಲ. ಅಕ್ಕನ ಮಗ ಈಜೋಕೆ ಬಟ್ಟೆ ಬಿಚ್ಚಿದ್ದ. ಬೀಗರು ತಡೆದರು. ಎರಡು ಕಾರಣ. ಒಂದು, ಅಂಚಿನಲ್ಲಿ ಕೆಸರು. ಮೇಲೆ ಒಣಗಿ ಬಿರುಕು ಬಿಟ್ಟ ಹಾಗೆ ಕಾಣ್ತದೆ, ಕಾಲಿಟ್ಟರೆ ಮೊಣಕಾಲ ತನಕ ಹೂತು ಹೋಗ್ತದೆ, ಅಲ್ಲಿಂದ ಒಂದೆರಡು ಮಾರು ಮುಂದೆ ಆಳ ಎಷ್ಟು ಅಂತ ಯಾರೂ ಹೇಳಕ್ಕಾಗಲ್ಲ. ಎರಡು, ನೀರು ಹಸಿರು. ಪೇಂಟು ಕಲಸಿದ ಹಾಗೆ. ಈಚಿನ ವರ್ಷಗಳಲ್ಲಿ ಚಳಿಗಾಲ ಬಂತಂದ್ರೆ ಹೀಗಾಗ್ತದಂತೆ. ಅದು ಪಾಚಿ. ಮೇಲಿನ ಊರುಗಳ ಚರಂಡಿ, ಕಾರ್ಖಾನೆ ಹೊಲಸು, ಹೊಲದಿಂದ ತೊಳೆದು ಬಂದ ಗೊಬ್ಬರ, ಇವೆಲ್ಲ ಅದಕ್ಕೆ ಊಟ. ನಾವು ಹಾಕಿದ ಯೂರಿಯಾದಲ್ಲಿ ಬೆಳೆ ತಿಂದಿದ್ದೆಷ್ಟು, ಪಾಚಿ ತಿಂದಿದ್ದೆಷ್ಟು ಅಂತ ಅಲ್ಲಿ ನಿಂತಾಗ ಯೋಚನೆ ಬಂತು.

ಈಜೋದು ಬಿಟ್ಟು ಹರಗೋಲಿನಲ್ಲಿ ಕೂತ್ವಿ. ಮೀನು ಹಿಡಿಯೋರೊಬ್ಬರು ಬೀಗರಿಗೆ ಪರಿಚಯ, ಹುಡುಗರನ್ನ ದಂಡೆ ಗುಂಟ ಒಂದು ಸುತ್ತು ಹೊಡೆಸಿದರು. ನಮ್ಮ ಹೊಳೆಯಲ್ಲಿ ಹರಗೋಲು ದಾಟಿ ಗೊತ್ತಿರೋರಿಗೆ ಅದೇನು ದೊಡ್ಡದಲ್ಲ. ಬೆಂಗಳೂರು ಹುಡುಗ ಮಾತ್ರ ಗಟ್ಟಿಯಾಗಿ ಅಂಚು ಹಿಡ್ಕೊಂಡಿದ್ದ.

ಸಂಜೆ ಬೀಗರು ನನ್ನನ್ನ ಒಂದು ಕೊರಕಲಿನ ಹತ್ತಿರ ಕರ್ಕೊಂಡು ಹೋದರು. ನೀರು ಹಿಂದೆ ಸರಿದ ಜಾಗದಲ್ಲಿ ಹಳ್ಳ ಕೊರೆದು ಆಳೆತ್ತರದ ಗೋಡೆ ನಿಂತಿತ್ತು. ಅದರಲ್ಲಿ ಪದರ ಪದರ ಮಣ್ಣು: ಒಂದು ಸಾಲು ಕಪ್ಪು, ಒಂದು ಸಾಲು ಕೆಂಪು, ಮಧ್ಯೆ ತೆಳ್ಳಗೆ ಮರಳು. ರೊಟ್ಟಿ ಒಂದರ ಮೇಲೊಂದು ಪೇರಿಸಿದ ಹಾಗೆ. ಕಪ್ಪು ಪದರ ಕೈಯಲ್ಲಿ ಪುಡಿ ಮಾಡಿದೆ. ನಮ್ಮ ಎರಿ ಮಣ್ಣೇ. ಅದೇ ಜಿಗುಟು.

"ಇದು ನಿಮ್ ಕಡೆ ಮಣ್ಣು, ನೋಡ್ರಿ ಬೀಗರೆ" ಅಂದರು.

ನಾನು ನಕ್ಕೆ. ಅವರು ನಗಲಿಲ್ಲ. ನೀರಿನ ಕಡೆ ಕೈ ತೋರಿಸಿ, "ನಮ್ಮಜ್ಜನ ಹೊಲ ಅಲ್ಲೈತಿ" ಅಂದರು. ಇತ್ತು ಅನ್ನಲಿಲ್ಲ, ಐತಿ ಅಂದರು. ಅವರ ಹಿರೇರು ನಾರಾಯಣದೇವರಕೆರೆಯವರು. ಆ ಊರು ಡ್ಯಾಮಿನಲ್ಲಿ ಮುಳುಗಿತು, ಅಲ್ಲಿನ ಜನಕ್ಕೆ ಅಂತ ಕಟ್ಟಿದ್ದೇ ಈಗಿನ ಮರಿಯಮ್ಮನಹಳ್ಳಿ. ಒಟ್ಟು ತೊಂಬತ್ತರಷ್ಟು ಹಳ್ಳಿ, ಐವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದು ಹೋದರು. "ಈಗ ನೀರು ಖಾಲಿ ಮಾಡಿ, ತಗೋ ನಿನ್ನ ಹೊಲ ಅಂದ್ರೂ ನಮಗದು ಸಿಗಂಗಿಲ್ಲ. ಅದರ ಮ್ಯಾಲೆ ನಿಮ್ ಹೊಲ ಕುಂತೈತಿ."

ಅದಕ್ಕೆ ನಾನೇನು ಉತ್ತರ ಕೊಡ್ಲಿ. ನಾವು ಹಲವಾಗಲು, ಗರ್ಭಗುಡಿ ಕಡೆಯೋರು ಡ್ಯಾಮಿನ ಬಗ್ಗೆ ಮಾತಾಡೋದೇ ಬೇರೆ ಥರ. ಹೊಳೆ ನಮ್ಮ ಮುಂದೆ ಹರಿದು ಹೋಗ್ತದೆ, ನೆರೆ ಬಂದ್ರೆ ರಸ್ತೆ ಮುಳುಗಿಸ್ತದೆ, ಆದ್ರೆ ಕಾಲುವೆ ನೀರು ರಾಯಚೂರಿಗೆ, ಬಳ್ಳಾರಿಗೆ, ಆಂಧ್ರಕ್ಕೆ. ನಮಗೇನು ಬಂತು ಅಂತ. ಆ ಮಾತು ಸುಳ್ಳೇನಲ್ಲ. ಆದರೆ ಆ ಡ್ಯಾಮಿಗೆ ನಾವು ಕೊಟ್ಟಿದ್ದೇನು ಅನ್ನೋ ಲೆಕ್ಕ ಯಾರೂ ಹಾಕಿಲ್ಲ. ಆ ರಾತ್ರಿ ಟೆಂಟಿನ ಹೊರಗೆ ಕೂತು ನಾನು ಹಾಕಿದೆ, ನೀವೂ ಹಾಕಿ ನೋಡ್ರಿ.

1945ರಲ್ಲಿ ಶಂಕುಸ್ಥಾಪನೆ ಆಗಿ 1953ರಲ್ಲಿ ನೀರು ನಿಂತಾಗ ಡ್ಯಾಂ ಹಿಡಿತಿದ್ದುದು ಸುಮಾರು 133 ಟಿಎಂಸಿ. 2016ರ ಅಳತೆ ಪ್ರಕಾರ 105.788. ಹೆಚ್ಚೂಕಡಿಮೆ 27 ಟಿಎಂಸಿ ಜಾಗದಲ್ಲಿ ಈಗ ಮಣ್ಣು ಕೂತಿದೆ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ನಮ್ಮ ಟ್ರ್ಯಾಕ್ಟರ್ ಟ್ರೇಲರಿಗೆ ಒಂದು ಬ್ರಾಸ್, ಅಂದ್ರೆ ನೂರು ಘನ ಅಡಿ ಅಂತ ಹಿಡಿರಿ. ಅಲ್ಲಿಗೆ 27 ಕೋಟಿ ಲೋಡು. ಸಾವಿರ ಟ್ರ್ಯಾಕ್ಟರು ದಿನಕ್ಕೆ ಹತ್ತತ್ತು ಲೋಡು ಎತ್ತಿದರೂ ಒಂದು ದಿನ ರಜಾ ಇಲ್ದೆ 74 ವರ್ಷ ಬೇಕು. ಅಷ್ಟರಲ್ಲಿ ಮತ್ತೆ ತುಂಬಿರ್ತದೆ, ಬಿಡ್ರಿ. 2017ರ ಬೇಸಿಗೆಯಲ್ಲಿ ಕೆಳಗಿನ ರೈತರು ಜೆಸಿಬಿ, ಟ್ರ್ಯಾಕ್ಟರು ತಂದು ಹೂಳಿನ ಜಾತ್ರೆ ಅಂತ ತಾವೇ ಹೂಳೆತ್ತಿದ್ದು ನೆನಪಿರಬಹುದು. ಹೂಳೆತ್ತಿ ಆಗೋ ಮಾತಲ್ಲ ಅಂತಲೇ ನವಲಿ ಹತ್ತಿರ ಇನ್ನೊಂದು ಸಮತೋಲನ ಜಲಾಶಯ ಕಟ್ಟೋ ಮಾತು ಬಹಳ ವರ್ಷದಿಂದ ನಡೀತಿದೆ. ಅದಕ್ಕೂ ಯಾರದೋ ಹೊಲ ಮುಳುಗಬೇಕಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದಾಗ ನಾವೆಲ್ಲ ಮೊಬೈಲು ಹಿಡ್ಕೊಂಡು ಕೂತಿದ್ವಿ. ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದ್ರು, ಇಡೀ ದೇಶ ನೋಡ್ತು. ಗೇಟು ಮುರಿದಿದ್ದು ಒಂದೇ ರಾತ್ರಿಯಲ್ಲಿ, ಅದಕ್ಕೇ ಸುದ್ದಿ ಆಯ್ತು.

ಆ 27 ಟಿಎಂಸಿ ಎಲ್ಲಾ ನಮ್ಮದೇ ಅಂತ ನಾನು ಹೇಳ್ತಿಲ್ಲ. ಶಿವಮೊಗ್ಗದಿಂದ ಹಿಡಿದು ದಾವಣಗೆರೆ, ಹಾವೇರಿ, ಹಡಗಲಿ ತನಕ ಎಲ್ಲರ ಪಾಲೂ ಇದೆ. ಆದರೆ ಒಂದು ಎಕರೆಯಲ್ಲಿ ಒಂದು ಇಂಚು ಮಣ್ಣು ಹೋದರೆ ಅದು 36 ಟ್ರೇಲರ್. ಇಂಚು ಹೋಗಿದ್ದು ಕಣ್ಣಿಗೆ ಕಾಣಲ್ಲ. ನಾವೇ ದುಡ್ಡು ಕೊಟ್ಟು ಕೆರೆ ಮಣ್ಣು ಹೊಡೆಸ್ತೀವಲ್ಲ, 36 ಲೋಡಿಗೆ ಎಷ್ಟಾಗ್ತದೆ ಅಂತ ನಿಮಗೇ ಗೊತ್ತು.

ಮೆಕ್ಕೆಜೋಳ ಬಂದ ಮೇಲೆ ನಮ್ಮಲ್ಲಿ ಬದುಗಳು ಸಣ್ಣ ಆಗ್ತಾ ಬಂದವು. ಎರಡು ಸಾಲು ಹೆಚ್ಚು ಬರ್ತದೆ ಅಂತ ದಾಯಾದಿಗಳು ಆ ಕಡೆಯಿಂದೊಂದು ಈ ಕಡೆಯಿಂದೊಂದು ಗಳೆ ಒಳಗೆ ತಗೋತಾರೆ. ಟ್ರ್ಯಾಕ್ಟರಿನವರಿಗೆ ಉದ್ದ ಸಾಲು ಬೇಕು, ಇಳಿಜಾರು ಹೇಗಿದೆಯೋ ಹಾಗೇ ಮೇಲಿಂದ ಕೆಳಕ್ಕೆ ಹೊಡೀತಾರೆ. ಹಿಂಗಾರಿಯಲ್ಲಿ ಹೇಗೋ ನಡೀತದೆ. ಮುಂಗಾರು ಮೊದಲ ದೊಡ್ಡ ಮಳೆ, ಪೈರು ಇನ್ನೂ ಗೇಣುದ್ದ ಇರೋವಾಗ ಬಿದ್ದರೆ ಪ್ರತಿ ಸಾಲೂ ಒಂದು ಕಾಲುವೆ. ನಮ್ಮ ಹಳ್ಳದ ನೀರು ಆವತ್ತು ಯಾವ ಬಣ್ಣ ಇರ್ತದೆ ನೋಡ್ರಿ. ಅಡ್ಡ ಉಳುಮೆಗೆ ಖರ್ಚೇನಿಲ್ಲ, ಡ್ರೈವರಿಗೆ ಹೇಳೋ ಗಟ್ಟಿತನ ಬೇಕು. ಬದು ಹಾಕಿಸೋಕೆ ನರೇಗಾದಲ್ಲಿ ಅವಕಾಶ ಇತ್ತು, ಆದರೆ ಪಕ್ಕದ ಹೊಲದವರು ಒಪ್ಪದೆ ಗಡಿ ಬದು ಎಬ್ಬಿಸೋದು ಜಗಳಕ್ಕೇ ದಾರಿ. ನಮ್ಮ ಪಕ್ಕದ ಅಣ್ಣನ ಜೊತೆ ಈ ಮಾತು ಎರಡು ವರ್ಷದಿಂದ ನಡೀತಿದೆ. "ಬದು ಹಾಕಿದ್ರೆ ನಿನಗೆರಡು ಸಾಲು ಲಾಸು, ನನಗೂ ಎರಡು ಸಾಲು ಲಾಸು, ಲಾಭ ಯಾರಿಗೆ?" ಅಂತಾರೆ. ಮರಿಯಮ್ಮನಹಳ್ಳಿಯಿಂದ ಬಂದವನೇ ಅವರಿಗೆ ಆ ಕೊರಕಲಿನ ಫೋಟೊ ತೋರಿಸಿದೆ. ಕಪ್ಪು ಪದರ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದು ನಮ್ದೇ ಅಂತ ಏನ್ ಗ್ಯಾರಂಟಿ?" ಅಂದರು.

ನ್ಯಾಯವಾದ ಪ್ರಶ್ನೆ. ಅದಕ್ಕೆ ಈ ಮುಂಗಾರಿಗೆ ಒಂದು ಕೆಲಸ ಮಾಡ್ತಿದ್ದೀವಿ, ಅವರೂ ಒಪ್ಪಿದ್ದಾರೆ. ಎರಡೂ ಹೊಲದ ತಗ್ಗು ಮೂಲೆಯಲ್ಲಿ, ನೀರು ಹೊರಗೆ ಹೋಗೋ ಬಾಯಲ್ಲಿ, ಮೂರಡಿ ಉದ್ದ, ಮೂರಡಿ ಅಗಲ, ಎರಡಡಿ ಆಳದ ಒಂದೊಂದು ಗುಂಡಿ. ನಮ್ಮ ಹೊಲ ಅಡ್ಡ ಉಳುಮೆ, ಅವರದು ಎಂದಿನ ಹಾಗೆ. ಪ್ರತಿ ದೊಡ್ಡ ಮಳೆ ಆದ ಮೇಲೆ ಗುಂಡಿಯಲ್ಲಿ ಕೂತ ಮಣ್ಣು ಪುಟ್ಟಿಯಲ್ಲಿ ಎತ್ತಿ ಎಣಿಸೋದು, ಎಣಿಸಿ ವಾಪಸ್ ಹೊಲಕ್ಕೇ ಹಾಕೋದು. ಎಷ್ಟು ಪುಟ್ಟಿ ಅಂತ ಇಲ್ಲೇ ಬರೀತೀನಿ. ಕಡತಿ, ನಿಟ್ಟೂರು, ತಾವರಗೊಂದಿ ಕಡೆ ಯಾರಾದರೂ ಇದೇ ಅಳತೆ ಗುಂಡಿ ತೋಡೋ ಹಾಗಿದ್ರೆ ರೋಹಿಣಿ ಮಳೆ ಒಳಗೆ ತಿಳಿಸ್ರಿ, ಎಲ್ಲರ ಲೆಕ್ಕ ಒಟ್ಟಿಗೇ ಹಾಕೋಣ.