ಯಶೋಧರಮ್ಮನವರ ರಾಜೀನಾಮೆ

ಸಾರ್ವಜನಿಕ ಜೀವನದಲ್ಲಿ ಪದವಿಯನ್ನು ಪಡೆದವರ ಹೆಸರುಗಳು ಅನೇಕ. ತಾವಾಗಿ ಬಿಟ್ಟವರ ಹೆಸರುಗಳು ವಿರಳ. ಬಿಟ್ಟವರಲ್ಲಿಯೂ ಮುನಿಸಿನಿಂದ ಬಿಟ್ಟವರನ್ನು, ಆರೋಪಕ್ಕೆ ಅಂಜಿ ಬಿಟ್ಟವರನ್ನು, ಇನ್ನೂ ದೊಡ್ಡದರ ಆಸೆಯಿಂದ ಬಿಟ್ಟವರನ್ನು ಕಳೆದರೆ ಉಳಿಯುವವರು ಬೆರಳೆಣಿಕೆಯಷ್ಟು. ಹಿಂದಿನ ಮೈಸೂರು ರಾಜ್ಯದಲ್ಲಿ ಸಮಾಜ ಕಲ್ಯಾಣ ಸಚಿವೆಯಾಗಿದ್ದ ಶ್ರೀಮತಿ ಯಶೋಧರಾ ದಾಸಪ್ಪನವರು ಅಂಥವರಲ್ಲಿ ಒಬ್ಬರು.

1905ರ ಮೇ 28ರಂದು ಬೆಂಗಳೂರಿನಲ್ಲಿ ಜನಿಸಿದ ಅವರಿಗೆ ಸಮಾಜಸೇವೆ ತವರಿನ ಬಳುವಳಿ. ತಂದೆ ಕೆ.ಎಚ್. ರಾಮಯ್ಯನವರು ಹೆಸರಾಂತ ಸಮಾಜಸೇವಕರು. ಪತಿ ಎಚ್.ಸಿ. ದಾಸಪ್ಪನವರು ಮುಂದೆ ನೆಹರೂ ಮಂತ್ರಿಮಂಡಲದಲ್ಲಿ ರೈಲ್ವೆ ಸಚಿವರಾದವರು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಈ ದಂಪತಿಗಳ ಮನೆ ಕಾರ್ಯಕರ್ತರು ಸೇರುವ ತಾಣವಾಗಿತ್ತು. 1930ರ ದಶಕದ ಅರಣ್ಯ ಸತ್ಯಾಗ್ರಹದಲ್ಲಿ ಯಶೋಧರಮ್ಮನವರು ಜನರನ್ನು ಸಂಘಟಿಸಿದರು. 1938ರ ವಿದುರಾಶ್ವತ್ಥ ಪ್ರಕರಣದ ಹೋರಾಟದಲ್ಲಿಯೂ ಭಾಗಿಗಳಾದರು.

ಆದರೆ ಅವರ ವ್ಯಕ್ತಿತ್ವವನ್ನು ಅರಿಯಲು ಸತ್ಯಾಗ್ರಹಕ್ಕಿಂತ ಅರಸೀಕೆರೆಯನ್ನು ನೋಡಬೇಕು. 1944ರ ಫೆಬ್ರವರಿಯಲ್ಲಿ ಕಸ್ತೂರಬಾ ಅವರು ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿಯೇ ಕಣ್ಮುಚ್ಚಿದ ಮೇಲೆ, ದೇಶದ ಜನರು ನೀಡಿದ ನಿಧಿಯಿಂದ ಅವರ ಹೆಸರಿನ ಸ್ಮಾರಕ ಟ್ರಸ್ಟ್ ಸ್ಥಾಪನೆಯಾಯಿತು. ಆ ಹಣವು ಹಳ್ಳಿಯ ಹೆಂಗಸರಿಗೂ ಮಕ್ಕಳಿಗೂ ಮಾತ್ರ ಸಲ್ಲಬೇಕೆಂಬುದು ಗಾಂಧೀಜಿಯವರ ಇಚ್ಛೆ. ಗ್ರಾಮಸೇವಿಕೆಯರನ್ನು ತರಬೇತುಗೊಳಿಸುವುದು, ಬಾಣಂತಿ ಶಿಶುಗಳ ಆರೈಕೆ, ಬಾಲವಾಡಿ, ನೂಲುವಿಕೆ: ಸದ್ದಿಲ್ಲದ ಕೆಲಸಗಳು. ಈ ಟ್ರಸ್ಟಿನ ಕಾರ್ಯವು ಅರಸೀಕೆರೆಯಲ್ಲಿ ನೆಲೆಗೊಳ್ಳುವುದರಲ್ಲಿ ಯಶೋಧರಮ್ಮನವರ ಪಾತ್ರವಿತ್ತು. ಇಂಥ ಕೆಲಸದಲ್ಲಿ ತೊಡಗಿದವರಿಗೆ ಕುಡಿತವು ಅಂಕಿ ಅಂಶಗಳ ವಿಷಯವಾಗಿರುವುದಿಲ್ಲ. ಸಂಜೆ ಕೂಲಿಯ ಹಣ ಮನೆಗೆ ಬಂತೇ, ಹೆಂಡದಂಗಡಿಗೆ ಹೋಯಿತೇ ಎಂಬ ನಿತ್ಯದ ಲೆಕ್ಕವಾಗಿರುತ್ತದೆ.

ವಿಧಾನಸಭೆಗೆ ಆಯ್ಕೆಯಾಗಿ, 1962ರಲ್ಲಿ ಎಸ್.ಆರ್. ಕಂಠಿಯವರ ಅಲ್ಪಕಾಲದ ಸಂಪುಟದಲ್ಲಿ, ಅನಂತರ ಎಸ್. ನಿಜಲಿಂಗಪ್ಪನವರ ಸಂಪುಟದಲ್ಲಿ ಅವರು ಮಂತ್ರಿಗಳಾದರು. 1960ರ ದಶಕದಲ್ಲಿ ಆ ಸರ್ಕಾರ ಪಾನನಿರೋಧವನ್ನು ತೆಗೆದುಹಾಕಲು ತೀರ್ಮಾನಿಸಿದಾಗ ಯಶೋಧರಮ್ಮನವರು ಪ್ರತಿಭಟಿಸಿ ಸಚಿವ ಸ್ಥಾನಕ್ಕೆ ರಾಜೀನಾಮೆ ನೀಡಿದರು.

ಪಾನನಿರೋಧದ ವಿರುದ್ಧದ ವಾದ ನಿರಾಧಾರವೇನೂ ಆಗಿರಲಿಲ್ಲ. ಕಳ್ಳಭಟ್ಟಿ ಹೆಚ್ಚುತ್ತದೆ, ಬೊಕ್ಕಸಕ್ಕೆ ಅಬ್ಕಾರಿ ಆದಾಯ ತಪ್ಪುತ್ತದೆ, ಶಾಲೆ ಆಸ್ಪತ್ರೆಗಳಿಗೆ ಹಣ ಬೇಕು ಎಂಬುದು ಆಡಳಿತಗಾರರ ಮಾತು. ಇತ್ತ ಸಂವಿಧಾನದ 47ನೆಯ ವಿಧಿ ಪಾನನಿರೋಧಕ್ಕಾಗಿ ಪ್ರಯತ್ನಿಸುವಂತೆ ರಾಜ್ಯಕ್ಕೆ ನಿರ್ದೇಶಿಸುತ್ತದೆ. ಗಾಂಧೀಜಿಯವರ ರಚನಾತ್ಮಕ ಕಾರ್ಯಕ್ರಮದಲ್ಲಿಯೂ ಅದಕ್ಕೆ ಸ್ಥಾನವಿತ್ತು. ವಿಚಿತ್ರವೆಂದರೆ, ಮುಖ್ಯಮಂತ್ರಿ ನಿಜಲಿಂಗಪ್ಪನವರೇ 1939ರಲ್ಲಿ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹದ ನೇತೃತ್ವ ವಹಿಸಿ ಸೆರೆಮನೆ ಕಂಡವರು. ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ಒಂದೇ ಚಳವಳಿಯಲ್ಲಿ ಬೆಳೆದ ಇಬ್ಬರು ಒಂದೇ ಪ್ರಶ್ನೆಯಲ್ಲಿ ಬೇರೆಯಾದರು.

ಒಳಗಿದ್ದೇ ವಿರೋಧಿಸಬಹುದಿತ್ತು, ಖಾತೆಯ ಮೂಲಕ ಇನ್ನಷ್ಟು ಕೆಲಸ ಮಾಡಬಹುದಿತ್ತು ಎನ್ನುವವರಿದ್ದಾರೆ. ಬೇರೆ ಖಾತೆಯಾಗಿದ್ದರೆ ಈ ಮಾತಿಗೆ ತೂಕವಿರುತ್ತಿತ್ತೇನೋ. ಸಮಾಜ ಕಲ್ಯಾಣದ ಸಚಿವೆಗೆ ಅದು ಒಪ್ಪುವ ಮಾತಲ್ಲ. ಒಂದು ಇಲಾಖೆ ಹೆಂಡದಿಂದ ಹಣ ತರುವುದು, ಆ ಹಣದಲ್ಲಿ ಇನ್ನೊಂದು ಇಲಾಖೆ ಹೆಂಡದಿಂದ ಕೆಟ್ಟ ಮನೆಗೆ ನೆರವು ನೀಡುವುದು: ಈ ಚಕ್ರದಲ್ಲಿ ಕೊಡುವ ಕೈ ಅವರದಾಗಬೇಕಿತ್ತು. ಮದ್ಯತ್ಯಾಗವನ್ನು ಮೂಲಗುಣವೆಂದೂ ನ್ಯಾಯೋಪಾತ್ತ ಧನವನ್ನು ಗೃಹಸ್ಥನ ಲಕ್ಷಣವೆಂದೂ ಹೇಳುವ ಶ್ರಾವಕಾಚಾರವನ್ನು ಬಲ್ಲವರಿಗೆ ಈ ಇಕ್ಕಟ್ಟನ್ನು ವಿವರಿಸಬೇಕಿಲ್ಲ. ಹುಂಡಿಗೆ ಬಿದ್ದ ಹಣದ ಮೂಲವನ್ನು ವಿಚಾರಿಸಲು ಹಿಂಜರಿಯುವ ಧರ್ಮದರ್ಶಿಗಳಿಗೂ ಇದು ಹೊಸದಲ್ಲ.

ರಾಜೀನಾಮೆಯಿಂದ ಸರ್ಕಾರದ ತೀರ್ಮಾನವೇನೂ ಬದಲಾಗಲಿಲ್ಲ. 1972ರಲ್ಲಿ ಯಶೋಧರಮ್ಮನವರಿಗೆ ಪದ್ಮಭೂಷಣ ಪ್ರಶಸ್ತಿ ಬಂತು. 1980ರಲ್ಲಿ ಅವರು ನಿಧನರಾದರು. 2007ರ ಜುಲೈಯಲ್ಲಿ ಕರ್ನಾಟಕ ಸಾರಾಯಿಯನ್ನು ನಿಷೇಧಿಸಿತು. ಉಳಿದ ಮದ್ಯಗಳ ಮಾರಾಟ ಮುಂದುವರಿದಿದೆ. ಅಬ್ಕಾರಿ ಸುಂಕ ಇಂದಿಗೂ ರಾಜ್ಯದ ಮುಖ್ಯ ವರಮಾನಗಳಲ್ಲಿ ಒಂದು.